ಹವಾಮಾನ ಬದಲಾವಣೆಗೆ ನಾವೇನು ಮಾಡಬಹುದು? ಮೊದಲು ಅಳೆಯಿರಿ, ಆಮೇಲೆ ದೊಡ್ಡದಕ್ಕೆ ಕೈ ಹಾಕಿ

ಹವಾಮಾನ ಬದಲಾವಣೆ ಬಗ್ಗೆ ಏನಾದರೂ ಮಾಡಬೇಕು ಅಂತ ಮನಸ್ಸಿರುವವರು ಬಹಳ ಜನ ಇದ್ದಾರೆ. ಆದರೆ ಹೆಚ್ಚಿನವರು ಕೈಗೆ ಮೊದಲು ಸಿಕ್ಕಿದ್ದರಿಂದ ಶುರು ಮಾಡುತ್ತಾರೆ. ಫೋನ್ ಚಾರ್ಜರ್ ಕಿತ್ತಿಡುತ್ತಾರೆ, ಬಟ್ಟೆ ಚೀಲ ಕೊಳ್ಳುತ್ತಾರೆ, ಹಳೇ ಇಮೇಲ್ ಅಳಿಸುತ್ತಾ ಕೂರುತ್ತಾರೆ. ತಪ್ಪೇನಿಲ್ಲ. ಆದರೆ ಇವೆಲ್ಲ ಸೇರಿಸಿದರೂ ಉಳಿಯುವುದು ತೀರಾ ಸ್ವಲ್ಪ, ದಿನಾ ನೆನಪಿಟ್ಟುಕೊಂಡು ಮಾಡಬೇಕಾದ್ದರಿಂದ ಕೆಲವು ತಿಂಗಳಲ್ಲಿ ಸುಸ್ತಾಗಿ, "ನನ್ನೊಬ್ಬನಿಂದ ಏನಾಗುತ್ತೆ" ಅಂತ ಕೈ ಬಿಟ್ಟುಬಿಡುತ್ತಾರೆ.

ನನ್ನ ಸಲಹೆ ಬೇರೆ. ಮೊದಲು ಅಳೆಯಿರಿ. ನಿಮ್ಮ ಬದುಕಿನಲ್ಲಿ ದೊಡ್ಡದು ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಅದನ್ನು ಒಂದೇ ಸಲಕ್ಕೆ ಸರಿ ಮಾಡಿ ಮರೆತುಬಿಡಿ. ಉಳಿದ ಶಕ್ತಿಯನ್ನು ಮನೆಯ ಆಚೆ ಖರ್ಚು ಮಾಡಿ.

ವಿಷಯ ಎಷ್ಟು ಗಂಭೀರ ಅನ್ನೋದಕ್ಕೆ ಒಂದೇ ಲೆಕ್ಕ ಸಾಕು. 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಭೂಮಿಯ ಶಾಖವನ್ನು ಹಿಡಿದಿಡುವ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಎಷ್ಟಿದೆ ಅಂತ ಅಳೆಯಲು ಶುರು ಮಾಡಿದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದದ್ದು ಸುಮಾರು 280. 2015ರ ಪ್ಯಾರಿಸ್ ಒಪ್ಪಂದದಲ್ಲಿ ದೇಶಗಳೆಲ್ಲ ಸೇರಿ, ಕಾರ್ಖಾನೆಗಳ ಕಾಲಕ್ಕೆ ಮುಂಚಿನದಕ್ಕೆ ಹೋಲಿಸಿದರೆ ಭೂಮಿಯ ಬಿಸಿಯೇರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ ಇಡುತ್ತೇವೆ, 1.5ಕ್ಕೆ ನಿಲ್ಲಿಸಲು ಪ್ರಯತ್ನ ಮಾಡುತ್ತೇವೆ ಅಂತ ಒಪ್ಪಿಕೊಂಡವು. 2024ನೇ ಇಸವಿ ಒಂದರಲ್ಲೇ ಸರಾಸರಿ ತಾಪಮಾನ ಆ 1.5ರ ಗೆರೆ ದಾಟಿತು. ಒಪ್ಪಂದದ ಗುರಿ ಹಲವು ವರ್ಷಗಳ ಸರಾಸರಿಯದ್ದು, ಒಂದು ವರ್ಷ ದಾಟಿದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ಒಂದೊಂದು ಡಿಗ್ರಿಯ ಹತ್ತನೇ ಒಂದು ಭಾಗ ತಡೆದರೂ ಅಷ್ಟು ಬರ, ಅಷ್ಟು ನೆರೆ, ಅಷ್ಟು ಸಾವು ಕಡಿಮೆಯಾಗುತ್ತದೆ. ಹಾಗಾಗಿ "ತಡವಾಯಿತು" ಅನ್ನುವ ಮಾತಿಗೆ ಅರ್ಥ ಇಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಪಾಲೂ ಸಮ ಅಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಹೇಳುವ ಪ್ರಕಾರ ಜಗತ್ತಿನಲ್ಲಿ ತಲೆಗೆ ಅತಿ ಹೆಚ್ಚು ಬಿಸಿಯೇರಿಸುವ ಗ್ಯಾಸ್ ಬಿಡುವ ಶೇಕಡ 10ರಷ್ಟು ಕುಟುಂಬಗಳು ಮನೆಗಳ ಲೆಕ್ಕಕ್ಕೆ ಬರುವ ಒಟ್ಟು ಗ್ಯಾಸಿನಲ್ಲಿ ಶೇಕಡ 34ರಿಂದ 45ರಷ್ಟಕ್ಕೆ ಕಾರಣ. ನಿಮ್ಮ ಮನೆಯಲ್ಲಿ ಕಾರಿಲ್ಲ, ಎಸಿ ಇಲ್ಲ, ವಿಮಾನ ಹತ್ತಿಲ್ಲ ಅಂದರೆ ಕಡಿಮೆ ಮಾಡಲು ನಿಮ್ಮ ಹತ್ತಿರ ಹೆಚ್ಚೇನೂ ಇಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಕಿಲ್ಲ. ನೀವು ನೇರವಾಗಿ ಕೊನೆಯ ಎರಡು ಭಾಗ ಓದಿ. ಕಾರು, ಎಸಿ, ವಿಮಾನ ಮೂರೂ ಇದ್ದವರು ಮಾತ್ರ ದಯವಿಟ್ಟು ಏನನ್ನೂ ಬಿಡದೆ ಓದಿ.

ಮೀಟರಿನ ಮುಂದೆ ಒಂದು ನಿಮಿಷ ನಿಲ್ಲಿ

ಡಿಜಿಟಲ್ ಕರೆಂಟ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ ಕರೆಂಟಿಗೆ ಅದು ಎಷ್ಟು ಸಲ ಮಿಣುಕುತ್ತದೆ ಅನ್ನೋದನ್ನು ಮೀಟರಿನ ಮೇಲೇ ಬರೆದಿರುತ್ತಾರೆ. 1000, 1600, 3200, ಹೀಗೆ ಯಾವುದೋ ಒಂದು ಸಂಖ್ಯೆ. ಫೋನಿನಲ್ಲಿ ಒಂದು ನಿಮಿಷದ ಟೈಮರ್ ಹಾಕಿ ಎಣಿಸಿ. ಉದಾಹರಣೆಗೆ 3200 ಅಂತ ಬರೆದಿರುವ ಮೀಟರ್ ಒಂದು ನಿಮಿಷದಲ್ಲಿ 16 ಸಲ ಮಿಣುಕಿತು ಅಂದುಕೊಳ್ಳಿ. ಗಂಟೆಗೆ 960 ಸಲ. 960ನ್ನು 3200ರಿಂದ ಭಾಗಿಸಿದರೆ 0.3. ಅಂದರೆ ಈ ಹೊತ್ತಿನಲ್ಲಿ ನಿಮ್ಮ ಮನೆ ಗಂಟೆಗೆ 0.3 ಯೂನಿಟ್, ಅಂದರೆ 300 ವ್ಯಾಟ್, ಎಳೆಯುತ್ತಿದೆ.

ಈಗ ಒಂದೊಂದನ್ನೇ ಆನ್ ಮಾಡಿ, ಆಫ್ ಮಾಡಿ, ಮತ್ತೆ ಎಣಿಸಿ. ಗೀಸರ್ ಹಾಕಿದ ತಕ್ಷಣ ಆ ದೀಪ ಓಡುವ ವೇಗ ನೋಡಿದರೆ ಸಾಕು, ಬೇರೆ ಪಾಠ ಬೇಡ. ರಾತ್ರಿ ಎಲ್ಲರೂ ಮಲಗಿದ ಮೇಲೆ ಇನ್ನೊಮ್ಮೆ ಎಣಿಸಿ. ಫ್ರಿಜ್ ಬಿಟ್ಟು ಏನೂ ಇಲ್ಲ ಅಂದುಕೊಂಡಿರುವಾಗಲೂ ಮಿಣುಕು ಜಾಸ್ತಿ ಇದ್ದರೆ ಯಾವುದೋ ಒಂದು ಸುಮ್ನೆ ತಿನ್ನುತ್ತಿದೆ ಅಂತ ಅರ್ಥ. ಹೆಚ್ಚಾಗಿ ಸೆಟ್‌ಟಾಪ್ ಬಾಕ್ಸೋ ಹಳೆಯ ಸ್ಟೆಬಿಲೈಸರೋ ಇರುತ್ತದೆ. ಬರೀ 10 ವ್ಯಾಟ್ ತಿನ್ನುವ ಪೆಟ್ಟಿಗೆ ವರ್ಷಪೂರ್ತಿ ಆನ್ ಇದ್ದರೆ ಸುಮಾರು 88 ಯೂನಿಟ್ ಆಗುತ್ತದೆ. ಕಲ್ಲಿದ್ದಲಿನಿಂದ ಬಂದ ಕರೆಂಟಾದರೆ ಒಂದು ಯೂನಿಟ್‌ಗೆ ಸುಮಾರು 1 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಲೆಕ್ಕ ಇಟ್ಟುಕೊಳ್ಳಿ.

ಅಳೆದ ಮೇಲೆ ಹೆಚ್ಚಿನ ಮನೆಗಳಲ್ಲಿ ಕಾಣುವ ಸತ್ಯ ಒಂದೇ: ಬಿಸಿ ಮಾಡುವುದು, ತಂಪು ಮಾಡುವುದು, ಇವೆರಡೇ ದೊಡ್ಡವು. 25 ಡಿಗ್ರಿ ಇರುವ 20 ಲೀಟರ್ ನೀರನ್ನು ಸ್ನಾನಕ್ಕೆ ಹದವಾಗಿ 40 ಡಿಗ್ರಿಗೆ ಕಾಯಿಸಲು ಸುಮಾರು 0.35 ಯೂನಿಟ್ ಬೇಕು. ಅಷ್ಟರಲ್ಲಿ ಒಂದು ಫೋನನ್ನು ಇಪ್ಪತ್ತು ಸಲ ಪೂರ್ತಿ ಚಾರ್ಜ್ ಮಾಡಬಹುದು. ಚಾರ್ಜರ್ ಕಿತ್ತಿಟ್ಟು ಹತ್ತು ನಿಮಿಷ ಹೆಚ್ಚಿಗೆ ಬಿಸಿನೀರು ಸುರಿದುಕೊಂಡರೆ ಎಲ್ಲಿಗೆ ಬಂತು ಉಳಿತಾಯ?

ಹಾಗಾಗಿ ನೀರು ಕಾಯಿಸುವ ವಿಷಯಕ್ಕೆ ಮೊದಲು ಕೈ ಹಾಕಿ. ಚಾವಣಿಯಲ್ಲಿ ಜಾಗ, ಬಿಸಿಲು ಇದ್ದರೆ ಸೋಲಾರ್ ವಾಟರ್ ಹೀಟರ್. ಇಲ್ಲದಿದ್ದರೆ ಹೀಟ್ ಪಂಪ್. ಇದು ಸುತ್ತಲಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುತ್ತದೆ, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಎರಡೂ ಆಗದಿದ್ದರೆ ಗೀಸರಿನ ಥರ್ಮೋಸ್ಟಾಟ್ ಇಳಿಸಿ. ತೀರಾ ಕೆಳಗಿಳಿಸಬೇಡಿ, ಟ್ಯಾಂಕಿರುವ ಗೀಸರಿನಲ್ಲಿ ಉಗುರುಬೆಚ್ಚಗಿನ ನೀರು ನಿಂತರೆ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60 ಡಿಗ್ರಿ ಸಾಕು.

ದೀಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 60 ವ್ಯಾಟ್‌ನ ಹಳೆ ಬಲ್ಬಿನ ಕೆಲಸ 9 ವ್ಯಾಟ್‌ನ ಎಲ್‌ಇಡಿ ಮಾಡುತ್ತದೆ. ಇನ್ನೂ ಬದಲಾಯಿಸಿಲ್ಲ ಅಂದರೆ ಇವತ್ತೇ ಬದಲಾಯಿಸಿ. ಸೀಲಿಂಗ್ ಫ್ಯಾನ್ ಹೊಸದು ತರುವಾಗ ಬಿಎಲ್‌ಡಿಸಿ ಮೋಟಾರಿನದ್ದು ತನ್ನಿ. ಹಳೆಯದು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಒಂದೇ ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಒಂದು ಸಲ ನೇತು ಹಾಕಿ ಮರೆತುಬಿಡಿ. ನಾನು ಹೇಳುತ್ತಿದ್ದದ್ದು ಇಂಥದ್ದನ್ನೇ. ಫ್ರಿಜ್, ಎಸಿ, ಗೀಸರ್, ಗಾಡಿ ಇವೆಲ್ಲ ಒಂದು ಸಲ ಮನೆಗೆ ಬಂದರೆ ಹತ್ತು ಹದಿನೈದು ವರ್ಷ ಇರುತ್ತವೆ. ಅಂಗಡಿಯಲ್ಲಿ ನಿಂತು ನೀವು ತೀರ್ಮಾನ ಮಾಡುವ ಆ ಅರ್ಧ ಗಂಟೆಗೆ ಹದಿನೈದು ವರ್ಷದ ಎಚ್ಚರಿಕೆಗಿಂತ ಬೆಲೆ ಜಾಸ್ತಿ.

ಎಸಿ ಗ್ಯಾಸಿನ ಕಥೆ ಯಾರೂ ಹೇಳುವುದಿಲ್ಲ

ಎಸಿಯನ್ನು 18ಕ್ಕೆ ಬದಲು 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ ಅನ್ನೋದು ಈಗ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದರೊಳಗಿನ ಗ್ಯಾಸಿನ ವಿಷಯ.

ಎಸಿಯ ಹೊರಗಿನ ಯೂನಿಟ್ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ಯಾವ ಗ್ಯಾಸ್, ಎಷ್ಟು ತೂಕ ಅಂತ ಬರೆದಿರುತ್ತದೆ. ಆರ್-410ಎ ಅಂತ ಇದ್ದರೆ, ಅದರ ಒಂದು ಕೆಜಿ ಗಾಳಿಗೆ ಸೋರಿದರೆ ಸುಮಾರು 2,000 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟೇ ಬಿಸಿ. ಅಂದಾಜು 900 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ! ಆರ್-32 ಆದರೆ ಅದರ ಮೂರನೇ ಒಂದು ಭಾಗ. ಆರ್-290 ಅಂದರೆ ಪ್ರೊಪೇನ್, ಅದರ ಹಾನಿ ಲೆಕ್ಕಕ್ಕೇ ಬರುವುದಿಲ್ಲ ಅನ್ನುವಷ್ಟು ಕಡಿಮೆ, ಆದರೆ ಬೆಂಕಿ ಹಿಡಿಯುವ ಗ್ಯಾಸ್, ತರಬೇತಿ ಇದ್ದವರೇ ಮುಟ್ಟಬೇಕು. ಈ ಗ್ಯಾಸುಗಳನ್ನು ಕಡಿಮೆ ಮಾಡಲೆಂದೇ 2016ರಲ್ಲಿ ರವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು.

ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. "ಗ್ಯಾಸ್ ಕಮ್ಮಿಯಾಗಿದೆ, ತುಂಬಬೇಕು" ಅಂತ ಯಾರಾದರೂ ಹೇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುತ್ತಿದ್ದೀರಿ ಅಂದರೆ ಪ್ರತಿ ವರ್ಷ ಆ ಗ್ಯಾಸ್ ಆಕಾಶಕ್ಕೆ ಹೋಗುತ್ತಿದೆ. ಹಾಗಾಗಿ ರಿಪೇರಿಗೆ ಬಂದವರಿಗೆ ಗಟ್ಟಿಯಾಗಿ ಹೇಳಿ: ಮೊದಲು ಸೋರಿಕೆ ಹುಡುಕಿ, ಮುಚ್ಚಿ, ಆಮೇಲೆ ತುಂಬಿ. ಸೋಪಿನ ನೊರೆ ಹಚ್ಚಿದರೆ ಎಷ್ಟೋ ಸಲ ಗುಳ್ಳೆ ಬಂದ ಜಾಗದಲ್ಲೇ ಸೋರಿಕೆ ಸಿಗುತ್ತದೆ. ಮನೆ ಬದಲಾಯಿಸುವಾಗ ಎಸಿ ಬಿಚ್ಚುವುದಿದ್ದರೆ ಗ್ಯಾಸನ್ನು ಗಾಳಿಗೆ ಬಿಡದೆ ಹೊರಗಿನ ಯೂನಿಟ್‌ಗೇ ಎಳೆದು ಬಂದ್ ಮಾಡಲು ಹೇಳಿ. ಅದಕ್ಕೆ ಪಂಪ್ ಡೌನ್ ಅನ್ನುತ್ತಾರೆ, ಕೆಲಸ ಗೊತ್ತಿರುವ ಯಾರಿಗಾದರೂ ಬರುತ್ತದೆ, ಕೆಲವೇ ನಿಮಿಷದ ಕೆಲಸ. ಕೇಳುವವರು ಇಲ್ಲದ್ದರಿಂದ ಮಾಡುವುದಿಲ್ಲ ಅಷ್ಟೇ. ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರು ಇದನ್ನೇ ಇಟ್ಟುಕೊಳ್ಳಿ.

ಓಡಾಟ

ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕೆಜಿ ಅಷ್ಟೇ. ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ 2.3 ಕೆಜಿ. ಪೆಟ್ರೋಲಿನ ಇಂಗಾಲ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರುವುದರಿಂದ ತೂಕ ಹೆಚ್ಚುತ್ತದೆ. ಡೀಸೆಲ್ ಆದರೆ ಸುಮಾರು 2.7 ಕೆಜಿ. ನಲವತ್ತು ಲೀಟರ್ ತುಂಬಿಸಿ ಖಾಲಿ ಮಾಡಿದರೆ ತೊಂಬತ್ತು ಕೆಜಿ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಇಲ್ಲೂ ದೊಡ್ಡ ತೀರ್ಮಾನ ಗಾಡಿಯದ್ದಲ್ಲ, ಮನೆ ಎಲ್ಲಿ ಅನ್ನೋದು. ಮನೆ ಬದಲಾಯಿಸುವ ಯೋಚನೆ ಇದ್ದಾಗ ಕೆಲಸಕ್ಕೆ, ಮಕ್ಕಳ ಶಾಲೆಗೆ ನಡೆದೋ ಬಸ್ಸಿನಲ್ಲೋ ಹೋಗುವಂತಿದ್ದರೆ ಒಂದು ಕೋಣೆ ಕಮ್ಮಿಯಾದರೂ ಪರವಾಗಿಲ್ಲ ಅಂತ ನನಗನ್ನಿಸುತ್ತದೆ. ಸಮಯವೂ ಉಳಿಯುತ್ತದೆ, ಅಲ್ವಾ? ಅದು ಆಗದವರು ವಾರದಲ್ಲಿ ದಿನಾ ಆಗುವ ಒಂದೇ ಓಡಾಟವನ್ನು ಹಿಡಿದುಕೊಳ್ಳಿ. ಎಂದೋ ಒಮ್ಮೆ ಹೋಗುವ ಪ್ರವಾಸಕ್ಕಿಂತ ದಿನಾ ಹೋಗಿಬರುವ ಹದಿನೈದು ಕಿಲೋಮೀಟರ್ ದೊಡ್ಡದು. ಗಾಡಿ ಬದಲಾಯಿಸುವ ಕಾಲ ಬಂದಾಗ ಎಲೆಕ್ಟ್ರಿಕ್ ನೋಡಿ. ಬ್ಯಾಟರಿ ಮಾಡಲು ಆಗುವ ಮಾಲಿನ್ಯ ಸೇರಿಸಿದರೂ ಗಾಡಿಯ ಒಟ್ಟು ಆಯಸ್ಸಿನಲ್ಲಿ ಸಾಮಾನ್ಯವಾಗಿ ಅದೇ ಕಡಿಮೆ. ಆದರೆ ಅಪರೂಪಕ್ಕೆ ತೆಗೆಯುವ ಚೆನ್ನಾಗಿರುವ ಗಾಡಿಯನ್ನು ಗುಜರಿಗೆ ಹಾಕಿ ಹೊಸದು ತರಬೇಡಿ.

ವಿಮಾನದ ವಿಷಯ ಕಹಿ. ಒಂದು ಖಂಡದಿಂದ ಇನ್ನೊಂದಕ್ಕೆ ಹೋಗಿಬರುವ ಒಂದೇ ಪ್ರಯಾಣದಲ್ಲಿ ತಲೆಗೆ 1 ಟನ್ನಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಜಗತ್ತಿನ ಸರಾಸರಿ ಮನುಷ್ಯ ಇಡೀ ವರ್ಷಕ್ಕೆ ಬಿಡುವುದು 5 ಟನ್ನಿಗೂ ಸ್ವಲ್ಪ ಕಡಿಮೆ. ವಯಸ್ಸಾದ ಅಪ್ಪ ಅಮ್ಮನನ್ನು ನೋಡಲು ಹೋಗುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ವಿಡಿಯೋ ಕರೆಯಲ್ಲಿ ಮುಗಿಯುವ ಮೀಟಿಂಗಿಗೆ ಹಾರಬೇಡಿ, ರೈಲಿನಲ್ಲಿ ಒಂದು ರಾತ್ರಿಯಲ್ಲಿ ತಲುಪುವ ಜಾಗಕ್ಕೆ ರೈಲಿನಲ್ಲೇ ಹೋಗಿ ಅಂತ ಮಾತ್ರ ಹೇಳುತ್ತೇನೆ.

ತಟ್ಟೆ ಮತ್ತು ಕಸದ ಬುಟ್ಟಿ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಎಸೆಯಿತು. ಅದರಲ್ಲಿ ಶೇಕಡ 60 ಎಸೆದದ್ದು ಹೋಟೆಲುಗಳಲ್ಲ, ಅಂಗಡಿಗಳಲ್ಲ, ಮನೆಗಳು. ಎಸೆದ ಆಹಾರದ ಜೊತೆ ಅದನ್ನು ಬೆಳೆದ ನೀರು, ಗೊಬ್ಬರ, ಸಾಗಿಸಿದ ಡೀಸೆಲ್ ಎಲ್ಲವೂ ಹೋಯಿತು. ಒಂದು ವಾರ ಏನೇನು ಎಸೆದಿರಿ ಅಂತ ಫ್ರಿಜ್ ಬಾಗಿಲ ಮೇಲೆ ಒಂದು ಚೀಟಿಯಲ್ಲಿ ಬರೆಯಿರಿ. ಮತ್ತೆ ಮತ್ತೆ ಬರುವ ಎರಡು ಮೂರು ವಸ್ತು ಸಿಗುತ್ತವೆ. ಮುಂದಿನ ಸಲ ಅವನ್ನು ಅರ್ಧ ತನ್ನಿ. ಮೊದಲು ಮುಗಿಯಬೇಕಾದ್ದನ್ನು ಫ್ರಿಜ್ಜಿನ ಮುಂದುಗಡೆ, ಕಣ್ಣಿಗೆ ಕಾಣುವ ಕಡೆ ಇಡಿ. ಇಷ್ಟೇ.

ಏನು ತಿನ್ನಬೇಕು ಅನ್ನೋದು ಅವರವರ ಮನೆಯ ವಿಷಯ. ಆದರೆ ಲೆಕ್ಕ ಹೇಳುವುದು ನನ್ನ ಕೆಲಸ. ದನ, ಕುರಿಯಂಥ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೀಥೇನ್ ಎಂಬ ಬಿಸಿ ಹಿಡಿಯುವ ಗ್ಯಾಸ್ ಹುಟ್ಟುತ್ತದೆ. ಹಾಗಾಗಿ ಅವುಗಳ ಮಾಂಸದ ಹೊರೆ ಎಲ್ಲಕ್ಕಿಂತ ಹೆಚ್ಚು, ಕೋಳಿ ಮೊಟ್ಟೆಯದ್ದು ಅದಕ್ಕಿಂತ ಬಹಳ ಕಡಿಮೆ, ಬೇಳೆಕಾಳಿನದ್ದು ಎಲ್ಲಕ್ಕಿಂತ ಕಡಿಮೆ. ಹಾಲು, ಬೆಣ್ಣೆ, ಚೀಸ್ ಕೂಡ ದನದಿಂದಲೇ ಬರುವುದು, ಅದನ್ನು ಮರೆಯಬೇಡಿ.

ಮೀಥೇನ್ ಅಂದೆನಲ್ಲ, ಅದು ಕಸದಲ್ಲೂ ಇದೆ. ಅಡುಗೆಮನೆಯ ಹಸಿ ಕಸ ಕಸದ ಗುಡ್ಡದಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಆಗುತ್ತದೆ. ಅದು ಇಪ್ಪತ್ತು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಹಿಡಿಯುತ್ತದೆ. ಅದೇ ಕಸ ಗಾಳಿಯಾಡುತ್ತಾ ಕೊಳೆತರೆ ಗೊಬ್ಬರ. ಮೀಥೇನಿನ ಇನ್ನೊಂದು ಗುಣ, ಅದು ಗಾಳಿಯಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ, ಸುಮಾರು ಹನ್ನೆರಡು ವರ್ಷ. ಅಂದರೆ ಇದನ್ನು ಕಡಿಮೆ ಮಾಡಿದರೆ ಫಲ ನಮ್ಮ ಕಾಲದಲ್ಲೇ ಕಾಣುತ್ತದೆ.

ಗೊಬ್ಬರ ಮಾಡಲು ತೋಟ ಬೇಡ. ಮುಚ್ಚಳ ಇರುವ ಒಂದು ದೊಡ್ಡ ಡಬ್ಬ ತೆಗೆದುಕೊಂಡು ಸುತ್ತಲೂ, ತಳಕ್ಕೂ ತೂತು ಮಾಡಿ, ಕೆಳಗೊಂದು ತಟ್ಟೆ ಇಡಿ. ಒಂದು ಹಿಡಿ ಹಸಿ ಕಸಕ್ಕೆ ಎರಡು ಮೂರು ಹಿಡಿ ಒಣಗಿದ್ದು, ಇದೇ ಅಳತೆ. ಒಣಗಿದ್ದು ಅಂದರೆ ತರಗೆಲೆ, ಮರದ ಹೊಟ್ಟು, ಹರಿದ ರಟ್ಟು. ಹಸಿ ಕಸ ಹಾಕಿದಾಗೆಲ್ಲ ಮೇಲೆ ಒಣಗಿದ್ದನ್ನು ಮುಚ್ಚಿ, ವಾರಕ್ಕೊಂದು ಸಲ ಕೋಲಿನಿಂದ ಅಡಿಮೇಲು ಮಾಡಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ ಸರಿ. ನೀರು ಸುರಿದರೆ ಒದ್ದೆ ಜಾಸ್ತಿ, ಒಣಗಿದ್ದು ಸೇರಿಸಿ. ಕೆಟ್ಟ ವಾಸನೆ ಬಂತು ಅಂದರೆ ಗಾಳಿ ಸಾಲದು ಅಂತ ಅರ್ಥ, ಅಂದರೆ ನೀವು ಯಾವುದನ್ನು ತಪ್ಪಿಸಲು ಹೊರಟಿರೋ ಅದೇ ಡಬ್ಬದೊಳಗೆ ಆಗುತ್ತಿದೆ. ತಿರುವಿ ಹಾಕಿ, ಎರಡು ದಿನದಲ್ಲಿ ಸರಿಹೋಗುತ್ತದೆ. ಹುಳ ಕಂಡು ಗಾಬರಿಯಾಗಬೇಡಿ, ಅವು ನಿಮ್ಮ ಕೆಲಸವನ್ನೇ ಮಾಡುತ್ತಿವೆ. ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ.

ಗಿಡ ನೆಡುವುದರ ಬಗ್ಗೆಯೂ ಒಂದು ಮಾತು. ನೆಡುವ ದಿನ ನೂರು ಜನ ಬರುತ್ತಾರೆ, ಮುಂದಿನ ಎರಡು ಮೂರು ಬೇಸಿಗೆ ನೀರು ಹಾಕಲು ಯಾರೂ ಇರುವುದಿಲ್ಲ. ನೂರು ಸಸಿಗಿಂತ ಬದುಕುವ ಐದು ಸಾಕು. ಬೆಳೆದು ನಿಂತ ಮರ ಕಡಿಯಲು ಬಂದಾಗ ಅದನ್ನು ಉಳಿಸುವುದು ಅದಕ್ಕಿಂತಲೂ ದೊಡ್ಡ ಕೆಲಸ. ಹುಲ್ಲುಗಾವಲು, ಜೌಗು ನೆಲ ಖಾಲಿ ಜಾಗ ಅಲ್ಲ, ಅಲ್ಲಿ ಮಣ್ಣಿನೊಳಗೇ ಇಂಗಾಲ ಇರುತ್ತದೆ. ಅಲ್ಲಿ ಗಿಡ ನೆಡಲು ಹೋಗಬೇಡಿ.

ಸೆಖೆಗೆ ತಯಾರಾಗಿ

ನಾವು ಎಷ್ಟೇ ಕಡಿಮೆ ಮಾಡಿದರೂ ಮುಂದಿನ ಕೆಲವು ವರ್ಷಗಳ ಸೆಖೆ ಈಗಾಗಲೇ ನಿಶ್ಚಯವಾಗಿದೆ. ಹಾಗಾಗಿ ಕಾಪಾಡಿಕೊಳ್ಳುವುದೂ ಇದರದ್ದೇ ಭಾಗ. ಮೇಲಿನ ಮಹಡಿಯಲ್ಲಿ ಇರುವವರು ತಾರಸಿಗೆ ಬಿಸಿಲು ವಾಪಸು ಕಳಿಸುವ ಬಿಳಿ ಬಣ್ಣ ಹೊಡೆಸಿ, ಒಳಗಿನ ಸೆಖೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಒಳ್ಳೆಯದು, ಬಿಸಿಲು ಗಾಜು ದಾಟುವ ಮುಂಚೆಯೇ ತಡೆಯಬೇಕು.

ಬಿಸಿಗಾಳಿಯ ದಿನಗಳಲ್ಲಿ ಒಂಟಿಯಾಗಿರುವ ವಯಸ್ಸಾದವರ ಮನೆ ಬಾಗಿಲು ತಟ್ಟಿ ಮಾತಾಡಿಸಿ ಬನ್ನಿ. ಯಾರಾದರೂ ಮೈ ಸುಡುತ್ತಾ, ಗೊಂದಲದಲ್ಲಿ ತೊದಲುತ್ತಾ ಇದ್ದರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್. ಆಂಬುಲೆನ್ಸ್ ಕರೆಯಿರಿ, ಬರುವವರೆಗೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ ಇರಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬಾಯಿ ಬಿಡಿ

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ದೊಡ್ಡದು. ಕರೆಂಟ್ ಎಲ್ಲಿಂದ ಬರಬೇಕು, ಬಸ್ಸು ಎಷ್ಟು ಓಡಬೇಕು, ಕಸ ಎಲ್ಲಿಗೆ ಹೋಗಬೇಕು ಅನ್ನೋದನ್ನು ನಿಮ್ಮ ಮನೆಯೊಳಗೆ ಕೂತು ತೀರ್ಮಾನ ಮಾಡಲು ಆಗುವುದಿಲ್ಲ.

2024ರಲ್ಲಿ ಪ್ರಕಟವಾದ ಒಂದು ಅಧ್ಯಯನ 125 ದೇಶಗಳ ಸುಮಾರು 1,30,000 ಜನರನ್ನು ಕೇಳಿತು: ಬಿಸಿಯೇರಿಕೆ ತಡೆಯಲು ನಿಮ್ಮ ಆದಾಯದ ಶೇಕಡ 1ರಷ್ಟು ಪ್ರತಿ ತಿಂಗಳು ಕೊಡುತ್ತೀರಾ? ಶೇಕಡ 69 ಜನ ಹೌದು ಅಂದರು. ಆದರೆ "ಬೇರೆಯವರು ಎಷ್ಟು ಜನ ಹೌದು ಅಂದಾರು" ಅಂತ ಕೇಳಿದರೆ ಸರಾಸರಿ ಉತ್ತರ ಶೇಕಡ 43. ಅಂದರೆ ನಮ್ಮ ಸುತ್ತ ಕಾಳಜಿ ಇರುವವರು ನಾವಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ಇದ್ದಾರೆ, ಎಲ್ಲರೂ ಸುಮ್ಮನಿದ್ದಾರೆ ಅಂತ ಪ್ರತಿಯೊಬ್ಬರೂ ಸುಮ್ಮನಿದ್ದೇವೆ. ಒಂದು ಚಾವಣಿ ಮೇಲೆ ಸೋಲಾರ್ ಬಂದರೆ ಅಕ್ಕಪಕ್ಕದ ಮನೆಗಳೂ ಹಾಕಿಸಿಕೊಳ್ಳುವುದು ಹೆಚ್ಚುತ್ತದೆ ಅನ್ನೋದನ್ನೂ ಸಂಶೋಧಕರು ಕಂಡಿದ್ದಾರೆ. ಹಾಗಾಗಿ ನೀವು ಮಾಡಿದ್ದನ್ನು ಹೇಳಿ. ಬಿಲ್ ತೋರಿಸಿ. ಬುದ್ಧಿವಾದ ಬೇಡ, ಲೆಕ್ಕ ಸಾಕು.

ಇದು ಕೆಲಸ ಮಾಡುತ್ತಾ ಅಂತ ಅನುಮಾನ ಇದ್ದರೆ ಓಝೋನ್ ನೆನಪಿಸಿಕೊಳ್ಳಿ. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಸ್ಪ್ರೇ ಡಬ್ಬಗಳ ಸಿಎಫ್‌ಸಿ ಗ್ಯಾಸ್ ಓಝೋನ್ ಪದರ ತಿನ್ನುತ್ತದೆ ಅಂತ ತೋರಿಸಿದರು. ಅಮೆರಿಕದಲ್ಲಿ ಕಾನೂನು ಬರುವ ಮುಂಚೆಯೇ ಜನ ಆ ಡಬ್ಬ ಕೊಳ್ಳುವುದನ್ನು ಕಡಿಮೆ ಮಾಡಿದರು, 1978ರಲ್ಲಿ ಅಲ್ಲಿ ಸ್ಪ್ರೇಗಳಲ್ಲಿ ಅದನ್ನು ನಿಷೇಧಿಸಿದರು, 1987ರಲ್ಲಿ ಅದನ್ನು ಜಗತ್ತಿನೆಲ್ಲೆಡೆ ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದ ಬಂತು. ಈಗ ಆ ಪದರ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದೆ. ಬರೀ ಜನರಿಂದ ಆಗಲಿಲ್ಲ, ಬರೀ ಕಾನೂನಿನಿಂದಲೂ ಅಲ್ಲ. ಜನ ಮೊದಲು ನಡೆದದ್ದರಿಂದ ಕಾನೂನಿಗೆ ದಾರಿ ಸುಲಭವಾಯಿತು.

ನೀವು ಮಾತಾಡಬೇಕಾದ ಜಾಗಗಳು ಹತ್ತಿರದಲ್ಲೇ ಇವೆ. ವಸತಿ ಸಂಘದ ಸಭೆಯಲ್ಲಿ ಮೆಟ್ಟಿಲ ದೀಪ, ನೀರಿನ ಪಂಪು, ತಾರಸಿಯ ಸೋಲಾರ್. ಆಫೀಸಿನಲ್ಲಿ ಎಸಿ ಎಷ್ಟಕ್ಕಿದೆ, ಬೇಡದ ವಿಮಾನ ಪ್ರಯಾಣ ಎಷ್ಟಿದೆ ಅನ್ನೋದು. ಬ್ಯಾಂಕಿನಲ್ಲಿ ನಮ್ಮ ದುಡ್ಡು ಕಲ್ಲಿದ್ದಲು ಗಣಿಗೆ ಸಾಲವಾಗಿ ಹೋಗುತ್ತಿದೆಯಾ ಅನ್ನುವ ಪ್ರಶ್ನೆ. ಮತ ಕೇಳಲು ಬಂದವರಿಗೆ ಬಸ್ಸು, ಕೆರೆ, ಮರದ ಬಗ್ಗೆ ಒಂದೊಂದು ನೇರ ಪ್ರಶ್ನೆ.

ಸ್ಥಳೀಯ ಆಡಳಿತಕ್ಕೆ ಅರ್ಜಿ ಬರೆಯುವಾಗ ಒಂದೇ ಬೇಡಿಕೆ ಇಡಿ. "ಪರಿಸರ ಉಳಿಸಿ" ಅಂತ ಬರೆದರೆ ಅದರ ಮೇಲೆ ಯಾರೂ ಕ್ರಮ ತೆಗೆದುಕೊಳ್ಳಲು ಬರುವುದಿಲ್ಲ. "ಈ ರಸ್ತೆಗೆ ಬೆಳಿಗ್ಗೆ 8ರಿಂದ 10ರವರೆಗೆ ಇನ್ನೆರಡು ಬಸ್ಸು ಬೇಕು, ಈಗ ನಿಲ್ದಾಣದಲ್ಲಿ ಇಷ್ಟು ಜನ ಕಾಯುತ್ತಾರೆ" ಅಂತ ಬರೆಯಿರಿ. ನೀವೇ ನಿಂತು ಎಣಿಸಿದ ಸಂಖ್ಯೆ ಹಾಕಿ, ಎರಡು ಫೋಟೋ ಲಗತ್ತಿಸಿ, ಅಕ್ಕಪಕ್ಕದವರ ಸಹಿ ಹಾಕಿಸಿ. ಕೊಟ್ಟ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡು ಬನ್ನಿ. ತಿಂಗಳೊಳಗೆ ಉತ್ತರ ಬರದಿದ್ದರೆ ಅದೇ ಪ್ರತಿ ಹಿಡಿದುಕೊಂಡು ಮತ್ತೆ ಹೋಗಿ, ಈ ಸಲ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು.